ಚಳಿಗಾಲದ ಎಕ್ಸಿಬಿಷನ್: ಡೇರೆಯ ಹಿಂಬದಿಯಲ್ಲಿ ಬಾಲ್ಯ ಕಳೆದವರು ಇಲ್ಲಿ ಯಾರಾದರೂ ಇದ್ದೀರಾ?

ಪ್ರಶ್ನೆ: ಹನುಮಂತನಗರದವನು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹನುಮಂತನಗರದಲ್ಲಿ. ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ಹತ್ತು ವರ್ಷಗಳಾದವು. ನಾನು ಮೂರನೆಯ ತರಗತಿಗೆ ಬಂದಾಗಿನಿಂದ ಐದನೆಯದನ್ನು ಮುಗಿಸುವವರೆಗೆ, ಪ್ರತಿ ವರ್ಷ ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆದ ನಾಲ್ಕೈದು ದಿನಗಳಲ್ಲೇ ನಮ್ಮ ತರಗತಿಗೆ ಒಬ್ಬ ಹುಡುಗ ಬಂದು ಸೇರುತ್ತಿದ್ದ. ಅವನ ತಂದೆಯದು ರಾಟೆ ತೊಟ್ಟಿಲು. ಪರಿಷೆಗೆಂದು ಬಂದವರು ಸಂಕ್ರಾಂತಿಯವರೆಗೆ ಊರಿನ ಬೇರೆ ಬೇರೆ ಬಯಲುಗಳಲ್ಲಿ ತೊಟ್ಟಿಲು ತಿರುಗಿಸಿಕೊಂಡಿದ್ದು, ಎಳ್ಳು ಬೆಲ್ಲ ತಿಂದ ಮರುದಿನ ಹೊರಟುಬಿಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ನಮ್ಮೆಲ್ಲರ ಹೆಸರುಗಳು ಶಾಯಿಯಲ್ಲಿದ್ದವು. ಅವನ ಹೆಸರನ್ನು ಮಾತ್ರ ಮೇಷ್ಟ್ರು ಕಡೆಯ ಸಾಲಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ನಾನು ತರಗತಿಯ ಲೀಡರ್ ಆಗಿದ್ದ ವರ್ಷ ಅದನ್ನು ರಬ್ಬರಿನಿಂದ ಅಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವನು ಕೊಟ್ಟ ಬಿಟ್ಟಿ ಚೀಟಿಗಳಲ್ಲಿ ಎಷ್ಟು ಸಲ ತೊಟ್ಟಿಲಿನಲ್ಲಿ ಕೂತೆನೋ ಲೆಕ್ಕವಿಲ್ಲ. ಆದರೆ ಅವನು ರಾತ್ರಿ ಎಲ್ಲಿ ಮಲಗುತ್ತಾನೆ, ಎಲ್ಲಿ ಸ್ನಾನ ಮಾಡುತ್ತಾನೆ, ಜನವರಿಯ ನಂತರ ಯಾವ ಊರಿನ ಶಾಲೆಗೆ ಹೋಗುತ್ತಾನೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಇದು ನೆನಪಾಗಲು ಕಾರಣ ನನ್ನ ಮಗಳು. ಗ್ಲಾಸ್ಗೋದಲ್ಲಿ ಓದುತ್ತಿರುವ ಅವಳು ಕೆಲ್ವಿನ್ ಹಾಲ್ ಎಂಬ ಕೆಂಪು ಕಲ್ಲಿನ ಕಟ್ಟಡದ ಚಿತ್ರ ಕಳುಹಿಸಿ, ಹಿಂದೆ ಪ್ರತಿ ಕ್ರಿಸ್ಮಸ್ ಹೊತ್ತಿಗೆ ಇಡೀ ಜಾತ್ರೆಯೇ, ತೊಟ್ಟಿಲು ಗಿರಿಗಟ್ಟಲೆ ಸಮೇತ, ಇದರೊಳಗೆ ನಡೆಯುತ್ತಿತ್ತು ಎಂದು ಬರೆದಿದ್ದಾಳೆ.

ನನ್ನ ಪ್ರಶ್ನೆ ಇಷ್ಟು. ಊರೂರು ತಿರುಗುವ ಪ್ರದರ್ಶನದ ಮನೆತನಗಳಲ್ಲಿ ಬೆಳೆದವರು ಇಲ್ಲಿದ್ದರೆ, ಬೆಂಗಳೂರಿನ ಆ ಚಳಿಗಾಲದ ತಿಂಗಳುಗಳು ನಿಮಗೆ ಹೇಗಿದ್ದವು? ನಮ್ಮಲ್ಲಿಯೂ ಹೀಗೆ ಸೂರಿನ ಕೆಳಗೆ ನಡೆದ ಎಕ್ಸಿಬಿಷನ್ ಇತ್ತೇ? ಟಿಕೆಟ್ ಕೊಂಡು ನೋಡಿದವರ ನೆನಪುಗಳು ನನ್ನಲ್ಲೇ ಬೇಕಾದಷ್ಟಿವೆ. ಆದ್ದರಿಂದ ಒಳಗಿದ್ದವರು ಬರೆದರೆ ಉಪಕಾರವಾಗುತ್ತದೆ.

ಉತ್ತರ: ಎರಡು ಕನ್ನಡಿ

ನಿಮ್ಮ ಗೆಳೆಯ ನಾನಲ್ಲ ಸರ್. ನಮ್ಮದು ತೊಟ್ಟಿಲಿನ ಮನೆಯಲ್ಲ, ನಾಗಕನ್ಯೆಯ ಮನೆ. ಮೇಜಿನ ಮೇಲೆ ಒಂದು ಹೆಣ್ಣಿನ ತಲೆ, ಕತ್ತಿನ ಕೆಳಗೆ ಸುರುಳಿ ಸುತ್ತಿಕೊಂಡ ಹಾವಿನ ಮೈ, ಮೇಜಿನ ಅಡಿಯಲ್ಲಿ ಏನೂ ಇಲ್ಲ. ನಾಲ್ಕಾಣೆ ಕೊಟ್ಟು ಒಳಗೆ ಬಂದವರು ಆ ತಲೆಯನ್ನು ಮಾತನಾಡಿಸಬಹುದಾಗಿತ್ತು. ತಲೆ ನನ್ನ ತಂದೆಯ ತಂಗಿಯದು, ಅಂದರೆ ನನ್ನ ಅತ್ತೆಯದು. ಗುಟ್ಟು ಈಗ ಗುಟ್ಟಾಗಿ ಉಳಿದಿಲ್ಲವಾದ್ದರಿಂದ ಹೇಳುತ್ತೇನೆ. ಮೇಜಿಗೆ ಮೂರು ಕಾಲು. ಒಂದು ಜನರ ಕಡೆಗೆ, ಎರಡು ಹಿಂದಕ್ಕೆ. ಮುಂದಿನ ಕಾಲಿನಿಂದ ಹಿಂದಿನ ಒಂದೊಂದು ಕಾಲಿಗೂ 45 ಡಿಗ್ರಿ ಓರೆಯಾಗಿ ಒಂದೊಂದು ಕನ್ನಡಿ ನಿಂತಿರುತ್ತದೆ. ಅದರಲ್ಲಿ ಕಾಣಿಸುವುದು ಅಕ್ಕಪಕ್ಕದ ಪರದೆಗಳು. ನೋಡುವವರು ಅದನ್ನೇ ಹಿಂದಿನ ಪರದೆ ಎಂದುಕೊಂಡು ಮೇಜಿನ ಕೆಳಗೆ ಖಾಲಿಯಿದೆ ಎಂದು ನಂಬುತ್ತಾರೆ. ಹಾಗಾಗಿ ಮೂರು ಪರದೆಗಳೂ ಒಂದೇ ಥಾನಿನ ಬಟ್ಟೆಯಾಗಿರಬೇಕು, ಒಂದನ್ನು ಒಗೆದರೆ ಮೂರನ್ನೂ ಒಗೆಯಬೇಕು. ಜನರು ಹತ್ತಿರ ಬಂದು ತಮ್ಮ ಕಾಲುಗಳನ್ನೇ ಕಂಡುಬಿಡಬಾರದೆಂದು ಅಡ್ಡಲಾಗಿ ಒಂದು ಬೊಂಬು ಕಟ್ಟುತ್ತಿದ್ದೆವು. ಇದೇ ತಲೆಯನ್ನು 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಸ್ಫಿಂಕ್ಸ್ ಎಂಬ ಹೆಸರಿನಿಂದ ತೋರಿಸಿದ್ದರೆಂದು ನಾನು ದೊಡ್ಡವನಾದ ಮೇಲೆ ಓದಿದೆ. ನಮ್ಮ ತಾತ ಮಾತ್ರ ಕಡೆಯವರೆಗೂ ಅದು ತಮ್ಮ ಸ್ವಂತ ವಿದ್ಯೆ ಎಂದೇ ಹೇಳಿಕೊಳ್ಳುತ್ತಿದ್ದರು.

ನನ್ನ ಕೆಲಸ ಕನ್ನಡಿ ಒರೆಸುವುದು. ಸಂಜೆ ಐದು ಗಂಟೆಗೆ ಹಳೆಯ ಪತ್ರಿಕೆಯನ್ನು ಒದ್ದೆ ಮಾಡಿ ಒರೆಸಿ, ಒಣಗಿದ ಪತ್ರಿಕೆಯಿಂದ ಮತ್ತೊಮ್ಮೆ ಉಜ್ಜಿ, ಮೊಣಕಾಲೂರಿ ಕೂತು ಓರೆಯಿಂದ ನೋಡಬೇಕು. ಒಂದೇ ಒಂದು ಹೆಬ್ಬೆರಳ ಗುರುತು ಉಳಿದರೂ ಅದು ಮೇಜಿನ ಕೆಳಗೆ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಬೇರೆ ಊರುಗಳಲ್ಲಿ ನಮ್ಮ ಶತ್ರು ಧೂಳು, ಬೆಂಗಳೂರಿನಲ್ಲಿ ಚಳಿ. ಡಿಸೆಂಬರಿನ ರಾತ್ರಿ ಗಾಜು ತಣ್ಣಗಾಗಿರುತ್ತಿತ್ತು, ಡೇರೆಯೊಳಗೆ ಮುಚ್ಚಿದ ಗಾಳಿಯಲ್ಲಿ ಐವತ್ತು ಅರವತ್ತು ಜನರ ಉಸಿರು ತುಂಬುತ್ತಿತ್ತು, ಎಂಟು ಗಂಟೆಯ ಆಟದ ಹೊತ್ತಿಗೆ ಕನ್ನಡಿ ಮಸುಕಾಗಲು ಶುರುವಾಗುತ್ತಿತ್ತು. ಒಂದು ರಾತ್ರಿ ಯಾವುದೋ ಮಗು, 'ಅಮ್ಮಾ, ಮೇಜಿನ ಕೆಳಗೆ ಮಂಜು ಬಿದ್ದಿದೆ' ಎಂದು ಕೂಗಿತು. ಎಲ್ಲರೂ ಬಗ್ಗಿ ನೋಡಿದರು. ಅಂದಿನ ದುಡ್ಡನ್ನು ತಾತ ವಾಪಸು ಕೊಡಬೇಕಾಯಿತು. ಆಮೇಲೆ ಒರೆಸುವ ಬಟ್ಟೆಗೆ ಸ್ವಲ್ಪ ಸೋಪು ತಿಕ್ಕುವುದನ್ನು ಕಲಿತೆವು. ಜೊತೆಗೆ ಕನ್ನಡಿಗಳ ಹಿಂದೆ, ಅತ್ತೆಯ ಮಗ್ಗುಲಲ್ಲೇ, 100 ವಾಟಿನ ಒಂದು ಬಲ್ಬು ಉರಿಸಿಟ್ಟು ಗಾಜನ್ನು ಬೆಚ್ಚಗಿಡುತ್ತಿದ್ದೆವು. ಡಿಸೆಂಬರಿನಲ್ಲಿ ನಮ್ಮೆಲ್ಲರಿಗಿಂತ ಬೆಚ್ಚಗಿದ್ದವರು ಅತ್ತೆಯೇ. ಮಾರ್ಚಿನ ಜಾತ್ರೆಗಳಲ್ಲಿ ಅದೇ ಬಲ್ಬನ್ನು ಶಪಿಸುತ್ತಿದ್ದರು.

ಇನ್ನು ಸೂರಿನ ಕೆಳಗಿನ ಎಕ್ಸಿಬಿಷನ್. ನಮ್ಮ ಪಾಲಿಗೆ ಅದು ಒಂದೇ ಒಂದು ಚಳಿಗಾಲ ಬಂತು, 1981ರ ಡಿಸೆಂಬರಿನಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದಿದ್ದು ಹಿರಿಯರಿಗೆಲ್ಲ ನೆನಪಿರುತ್ತದೆ. ಆ ಚಳಿಗಾಲ ನಮಗೆ ಬಯಲಿನಲ್ಲಿ ಡೇರೆ ಹಾಕಲು ಅನುಮತಿ ಸಿಗಲಿಲ್ಲ. ತೊಟ್ಟಿಲಿನವರು ಹಳ್ಳಿಯ ಜಾತ್ರೆಗಳನ್ನು ಹುಡುಕಿಕೊಂಡು ಹೋದರು. ನಮ್ಮಂಥ ಸಣ್ಣ ಆಟದವರು ಐದಾರು ಮನೆಯವರು ಏನು ಮಾಡುವುದೆಂದು ತೋಚದೆ ಕೂತಿದ್ದಾಗ, ಬಲೂನ್ ಶೂಟಿಂಗಿನ ಯಜಮಾನರಿಗೆ ಒಂದು ಉಪಾಯ ಹೊಳೆಯಿತು: ಧನುರ್ಮಾಸದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಊರಿನ ಕಲ್ಯಾಣ ಮಂಟಪಗಳೆಲ್ಲ ಬೀಗ ಹಾಕಿಕೊಂಡಿರುತ್ತವೆ. ಚಾಮರಾಜಪೇಟೆಯ ಆಚೆಗಿದ್ದ ಒಂದು ಛತ್ರದವರು ಸಂಕ್ರಾಂತಿಗೆ ಮೊದಲು ಖಾಲಿ ಮಾಡುವ ಷರತ್ತಿನ ಮೇಲೆ ಒಂದು ತಿಂಗಳಿಗೆ ಒಪ್ಪಿದರು.

ನನಗೆ ಆಗ ಹನ್ನೊಂದು ವರ್ಷ. ಒಂದೇ ಜಾಗದಲ್ಲಿ ಮೂವತ್ತು ರಾತ್ರಿ ಗೋಡೆಗಳ ನಡುವೆ ಮಲಗಿದ್ದು ಅದೇ ಮೊದಲು. 'ವರನ ಕೊಠಡಿ' ಎಂದು ನೀಲಿ ಬಣ್ಣದಲ್ಲಿ ಬರೆದಿದ್ದ ಕೋಣೆಯಲ್ಲಿ ಗಂಡಸರು, ಹುಡುಗರು. 'ವಧುವಿನ ಕೊಠಡಿ'ಯಲ್ಲಿ ಹೆಂಗಸರು, ಕೂಸುಗಳು. ಊಟದ ಹಾಲಿನಲ್ಲಿ ರಿಂಗ್ ಎಸೆತ, ಬಳೆ ಅಂಗಡಿ, ಚನ್ನಪಟ್ಟಣದ ಗೊಂಬೆಗಳು, ಉದ್ದಕ್ಕೂ ಗಿಡ್ಡಕ್ಕೂ ತೋರಿಸುವ ನಗೆಗನ್ನಡಿಗಳು. ಅಡುಗೆಮನೆಯಲ್ಲಿ ನಲ್ಲಿ ಇತ್ತು, ತಿರುಗಿಸಿದರೆ ನೀರು ಬರುತ್ತಿತ್ತು. ನಮ್ಮ ತಾಯಿ ಮೊದಲ ಎರಡು ದಿನ ಕಂಡದ್ದನ್ನೆಲ್ಲ ಒಗೆದರು, ಒಗೆದ ಪರದೆಗಳನ್ನೇ ಮತ್ತೆ ಒಗೆದರು. ಬೆಳಗಿನ ಜಾವ ನಾವು ಮಕ್ಕಳು ಕಂಬಳಿ ಹೊದ್ದುಕೊಂಡು ಹತ್ತಿರದ ದೇವಸ್ಥಾನದಲ್ಲಿ ಸಾಲು ನಿಂತು, ಧನುರ್ಮಾಸದ ಪೂಜೆಯ ಹುಗ್ಗಿಯನ್ನು ದೊನ್ನೆಯಲ್ಲಿ ತೆಗೆದುಕೊಳ್ಳುತ್ತಿದ್ದೆವು. ಮೆಣಸು, ತುಪ್ಪ ಬಿದ್ದ ಆ ಹುಗ್ಗಿ ಬೆರಳು ಸುಡುವಷ್ಟು ಬಿಸಿ. ಒಬ್ಬೊಬ್ಬರೂ ಎರಡೆರಡು ಸಲ ಸಾಲಿಗೆ ನಿಲ್ಲುವುದು ಅರ್ಚಕರಿಗೆ ಗೊತ್ತಿತ್ತು, ಅವರು ಏನೂ ಅನ್ನುತ್ತಿರಲಿಲ್ಲ.

ತೊಡಕು ಬಂದದ್ದು ಅತ್ತೆಯಿಂದ. ನಾಗಕನ್ಯೆಗೆ ಹಿಂದೆ ಗೋಡೆ, ಮುಂದೆ ಎತ್ತರ ಇರುವ ಜಾಗ ಬೇಕು. ಇಡೀ ಛತ್ರದಲ್ಲಿ ಅಂಥ ಜಾಗ ಒಂದೇ, ಮದುಮಕ್ಕಳನ್ನು ಕೂರಿಸುವ ವೇದಿಕೆ. ಅಲ್ಲಿ ಅರಿಸಿನ ಕುಂಕುಮದ ಕಲೆಗಳು ಹಾಗೆಯೇ ಇದ್ದವು, ಒಣಗಿದ ಮಾವಿನೆಲೆಯ ತೋರಣ ಇನ್ನೂ ನೇತಾಡುತ್ತಿತ್ತು. ಇಪ್ಪತ್ತಾರು ವರ್ಷದ ಅತ್ತೆ, ಮದುವೆಯಾಗದೆ ಹಸೆಮಣೆಯ ಜಾಗದಲ್ಲಿ ಕೂರುವುದಿಲ್ಲ ಎಂದು ಹಟ ಹಿಡಿದರು. 'ನೀನು ಕೂರುವುದು ಮೇಜಿನ ಕೆಳಗೆ ತಾನೇ' ಎಂದು ತಾತ ರೇಗಿದರು. ಅಜ್ಜಿ ಏನೂ ಮಾತನಾಡದೆ ವೇದಿಕೆಯನ್ನು ತೊಳೆದು, ರಂಗೋಲಿ ಹಾಕಿ, ದೀಪ ಹಚ್ಚಿಟ್ಟ ಮೇಲೆ ಅತ್ತೆ ಹೋಗಿ ಕೂತರು. ಜನರು ನಾಗಕನ್ಯೆಯನ್ನು ಕೇಳುವ ಪ್ರಶ್ನೆಗಳು ಎಲ್ಲ ಊರಿನಲ್ಲೂ ಒಂದೇ: ಹೆಸರೇನು, ಏನು ತಿನ್ನುತ್ತೀ, ಮದುವೆ ಆಗಿದೆಯೇ. ಕಡೆಯ ಪ್ರಶ್ನೆಗೆ ನಾಗರಾಜನೊಂದಿಗೆ ಆಗಿದೆ ಎಂದು ಹೇಳಿ ನಗಿಸುವುದು ರೂಢಿ. ಆ ಒಂದು ತಿಂಗಳು ಮಾತ್ರ ಅತ್ತೆ ಅದಕ್ಕೆ ಉತ್ತರ ಕೊಡದೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಜನರು ಅದನ್ನೂ ಆಟದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು.

ಶಾಲೆಗೂ ಹೋದೆ. ಹದಿಮೂರರ ಮಗ್ಗಿಯಲ್ಲಿ ಹದಿಮೂರು ಆರಲೆ ಎಪ್ಪತ್ತೆಂಟರವರೆಗೆ ಬಂದಿದ್ದಾಗ ಸಂಕ್ರಾಂತಿ ಬಂತು. ಈಗಲೂ ಹದಿಮೂರು ಏಳಲೆ ಎಂದರೆ ಬೆರಳು ಮಡಿಚುತ್ತೇನೆ.

ಉತ್ತರ: ನಿವೃತ್ತ ಅಗ್ನಿಶಾಮಕ

ಮೇಲಿನವರು ಪ್ರಸ್ತಾಪಿಸಿದ ಬೆಂಕಿ ಅನಾಹುತ ನಡೆದದ್ದು 1981ರ ಫೆಬ್ರವರಿ 7ರ ಶನಿವಾರ. ಸತ್ತವರು 92 ಮಂದಿ, ಹೆಚ್ಚಿನವರು ಮಕ್ಕಳು. ನಾನು ಇಲಾಖೆಗೆ ಸೇರಿದ್ದು ಅದಾದ ನಂತರ. ತರಬೇತಿಯಲ್ಲಿ ನಮಗೆ ಆ ಘಟನೆಯನ್ನು ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು. ಮುಂದೆ ಎಕ್ಸಿಬಿಷನ್ನುಗಳ ತಪಾಸಣೆಗೆ ಹೋದಾಗ ಪ್ರದರ್ಶನದವರು ಸಾಲಾಗಿ ಜೋಡಿಸಿದ ಮರಳಿನ ಬಕೆಟ್ಟುಗಳನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು. ನಾನು ಮೊದಲು ನೋಡುತ್ತಿದ್ದುದು ಬಕೆಟ್ಟುಗಳನ್ನಲ್ಲ, ಹೊರಹೋಗುವ ದಾರಿಗಳನ್ನು. ಡೇರೆಯ ಬಟ್ಟೆ ಹೊತ್ತಿಕೊಂಡರೆ ಅದು ನಿಮಿಷಗಳ ಮಾತು. ಅಷ್ಟರಲ್ಲಿ ಮಕ್ಕಳು ಯಾವ ಕಡೆ ಓಡಬೇಕು ಎಂಬುದಷ್ಟೇ ಮುಖ್ಯ.

ಎರಡು ಕನ್ನಡಿಯವರು ಬೇಸರ ಮಾಡಿಕೊಳ್ಳಬಾರದು. ಮೂರು ಕಡೆ ಬಟ್ಟೆಯ ಪರದೆ, ನಡುವೆ ಅಲುಗಾಡದಂತೆ ಕೂತ ಹೆಣ್ಣುಮಗಳು, ಅವರ ಸೀರೆಯ ಪಕ್ಕದಲ್ಲಿ ಗಂಟೆಗಟ್ಟಲೆ ಉರಿಯುವ 100 ವಾಟಿನ ಬಲ್ಬು! ನಾನು ಬಂದು ನೋಡಿದ್ದರೆ ಅನುಮತಿ ಕೊಡುವ ಮಾತೇ ಇರಲಿಲ್ಲ. ಅದು ಛತ್ರದ ಒಳಗೂ ಅಷ್ಟೇ. ಸೂರು ಇದ್ದ ಮಾತ್ರಕ್ಕೆ ಅದು ಸುರಕ್ಷಿತ ಎಂದು ತಿಳಿಯುವುದು ತಪ್ಪು. ಒಂದೇ ಬಾಗಿಲಿನ ಛತ್ರಕ್ಕಿಂತ ನಾಲ್ಕೂ ಕಡೆ ಎತ್ತಿ ಕಟ್ಟಿದ ಡೇರೆ ಎಷ್ಟೋ ವಾಸಿ.

ಉತ್ತರ: ಮಲ್ಲೇಶ್ವರದ ವೈದ್ಯ

ನಾನು ಹನ್ನೊಂದು ವರ್ಷ ಗ್ಲಾಸ್ಗೋದಲ್ಲಿದ್ದು ಈಗ ಮಲ್ಲೇಶ್ವರಕ್ಕೆ ಹಿಂದಿರುಗಿದ್ದೇನೆ. ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಜಾತ್ರೆಯ ಮನೆತನದಲ್ಲಿ ಹುಟ್ಟಿದವರು. ಈ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಅರ್ಧ ಅವರ ಬಾಯಿಂದ ಕೇಳಿದ್ದು.

ಬ್ರಿಟನ್ನಿನ ಹವೆಯಲ್ಲಿ ಬಯಲಿನ ಜಾತ್ರೆಗಳು ಈಸ್ಟರ್ ಸುಮಾರಿಗೆ ಆರಂಭವಾಗಿ ಶರತ್ಕಾಲದೊಂದಿಗೆ ಮುಗಿಯುತ್ತವೆ. ಇಂಗ್ಲೆಂಡಿನಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಹಲ್ ಊರುಗಳ ಅಕ್ಟೋಬರ್ ಜಾತ್ರೆಗಳು ಆ ವರ್ಷದ ಕಡೆಯ ದೊಡ್ಡ ಸಂಪಾದನೆ. ಆಮೇಲೆ ವ್ಯಾಗನ್ನುಗಳನ್ನು ಯಾರ್ಡ್‌ಗಳಲ್ಲಿ ನಿಲ್ಲಿಸಿಕೊಂಡು, ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡಿ, ಬಣ್ಣ ಬಳಿದು ಚಳಿಗಾಲ ಕಳೆಯುತ್ತಾರೆ. ಗ್ಲಾಸ್ಗೋದ ಪೂರ್ವ ಭಾಗದಲ್ಲಿ ಇಂಥ ಯಾರ್ಡ್‌ಗಳು ಬಹಳ. ಆ ಖಾಲಿ ತಿಂಗಳುಗಳ ನಡುವೆ ಕ್ರಿಸ್ಮಸ್ ಬರುತ್ತದೆ. ಜನರ ಕೈಯಲ್ಲಿ ದುಡ್ಡಿರುತ್ತದೆ, ಹೊರಗೆ ನಿಲ್ಲಲಾಗದ ಚಳಿ. ಅದಕ್ಕಾಗಿಯೇ ದೊಡ್ಡ ಹಾಲ್‌ಗಳನ್ನು ಹಿಡಿಯುವ ಪದ್ಧತಿ ಬಂತು. ಲಂಡನ್ನಿನಲ್ಲಿ 1862ರಲ್ಲಿ ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಅಗ್ರಿಕಲ್ಚರಲ್ ಹಾಲ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕ್ರಿಸ್ಮಸ್ ಮೇಳಗಳು ನಡೆಯುತ್ತಿದ್ದವು. ಗ್ಲಾಸ್ಗೋದ ಕೆಲ್ವಿನ್ ಹಾಲ್ ಈಗಿರುವ ರೂಪದಲ್ಲಿ 1927ರದು. ಅದಕ್ಕೆ ಮುಂಚೆ ಅಲ್ಲಿದ್ದ ಹಾಲ್ 1925ರಲ್ಲಿ ಸುಟ್ಟುಹೋಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನಗಳನ್ನು ತಡೆಯುವ ದೊಡ್ಡ ಬಲೂನುಗಳನ್ನು ತಯಾರಿಸಿದರು. ಯುದ್ಧ ಮುಗಿದ ಮೇಲೆ ಸರ್ಕಸ್ ಮತ್ತು ಕಾರ್ನಿವಲ್ ಮತ್ತೆ ಅದೇ ಸೂರಿನಡಿ ಬಂದು, 1980ರ ದಶಕದಲ್ಲಿ ನಿಂತವು. ಆದ್ದರಿಂದ ನಾನೂ ಅದನ್ನು ಕಂಡವನಲ್ಲ.

ನಮ್ಮ ಮನೆಯೊಡತಿಯ ತಂದೆಯದು ರಿಂಗ್ ಎಸೆಯುವ ಅಂಗಡಿ. ಅವರು ಎರಡು ಸಂಗತಿಗಳನ್ನು ಮರೆಯದೆ ಹೇಳುತ್ತಿದ್ದರು. ಮೊದಲನೆಯದು ವಾಸನೆ: ಸರ್ಕಸ್ಸಿನ ಆನೆಗಳದು, ಹುರಿಯುತ್ತಿರುವ ಈರುಳ್ಳಿಯದು, ಮತ್ತು ಡ್ಯಾಷಿಂಗ್ ಕಾರುಗಳಿಂದ ಬರುವ ಒಂದು ಬಗೆಯ ಸುಟ್ಟ ವಾಸನೆ. ಕಾರಿನ ಹಿಂದಿನ ಕಂಬ ಮೇಲಿನ ಜಾಲರಿಯನ್ನು ತಾಗಿ ಕಿಡಿ ಹಾರುವಾಗ ಬರುವ ವಾಸನೆ ಅದು. ಬಯಲಿನಲ್ಲಾದರೆ ಗಾಳಿಗೆ ಹೋಗುತ್ತಿತ್ತು, ಒಳಗೆ ಅದು ಕೋಟಿನಲ್ಲಿ, ಕೂದಲಿನಲ್ಲಿ ಉಳಿಯುತ್ತಿತ್ತು. ಎರಡನೆಯದು, ಅವರ ಬಾಲ್ಯದಲ್ಲಿ ಕ್ರಿಸ್ಮಸ್ ರಜೆ ಎಂಬುದೇ ಇರಲಿಲ್ಲ. ಶಾಲೆಯ ಗೆಳತಿಯರು ಟಿಕೆಟ್ ಕೊಂಡು ಬಂದು ಆಡುವಾಗ ಅವರು ಅಂಗಡಿಯ ಹಿಂದೆ ನಿಂತು ಚಿಲ್ಲರೆ ಎಣಿಸಬೇಕಿತ್ತು. ಆದರೂ ವರ್ಷದಲ್ಲಿ ಅವರಿಗೆ ಗೆಳತಿಯರು ಇರುತ್ತಿದ್ದುದೇ ಆ ತಿಂಗಳುಗಳಲ್ಲಿ, ಏಕೆಂದರೆ ಯಾರ್ಡಿನಲ್ಲಿ ನೆಲೆಯಾಗಿದ್ದಾಗ ಮಾತ್ರ ಒಂದೇ ಶಾಲೆಗೆ ಸತತವಾಗಿ ಹೋಗುತ್ತಿದ್ದರು.

ನಮ್ಮಲ್ಲಿಗೂ ಅಲ್ಲಿಗೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಹೇಳಲೇಬೇಕು. 1889ರಲ್ಲಿ, ಚಕ್ರದ ಮನೆಗಳಲ್ಲಿ ವಾಸಿಸುವವರನ್ನು ನಿಯಂತ್ರಿಸುವ ಒಂದು ಮಸೂದೆಯನ್ನು ವಿರೋಧಿಸುವುದಕ್ಕಾಗಿ ಈ ಮನೆತನಗಳು ಸಂಘ ಕಟ್ಟಿಕೊಂಡವು. ಅದೇ ಮುಂದೆ ಶೋಮೆನ್ಸ್ ಗಿಲ್ಡ್ ಆಯಿತು. ಒಂದು ಜಾತ್ರೆಯಲ್ಲಿ ಒಂದು ಕುಟುಂಬ ಹಿಡಿದುಕೊಂಡು ಬಂದ ಜಾಗವನ್ನು ಇನ್ನೊಬ್ಬ ಸದಸ್ಯ ಕಿತ್ತುಕೊಳ್ಳಬಾರದು ಎಂಬುದು ಅವರ ಕಟ್ಟುನಿಟ್ಟಿನ ನಿಯಮ. ನಮ್ಮ ಎಕ್ಸಿಬಿಷನ್ನುಗಳಲ್ಲಿ ಆ ಜಾಗ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಹೋಗುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಂದ ಹಾಗೆ, ಎರಡು ಕನ್ನಡಿಯವರ ಧನುರ್ಮಾಸ ಮತ್ತು ಕೆಲ್ವಿನ್ ಹಾಲ್‌ನ ಕಾರ್ನಿವಲ್ ಹೆಚ್ಚುಕಡಿಮೆ ಅದೇ ದಿನಗಳು. ಒಂದು ಕಡೆ ಹಬ್ಬವಿದೆ ಎಂದು ಹಾಲ್ ತುಂಬಿತು, ಇನ್ನೊಂದು ಕಡೆ ಶುಭಕಾರ್ಯವಿಲ್ಲ ಎಂದು ಛತ್ರ ಖಾಲಿಯಿತ್ತು.

ಉತ್ತರ: ಬಣ್ಣದ ಮನೆ

ನಾನು ನಾಟಕ ಕಂಪನಿಯ ಮಗಳು. ತಂದೆ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು, ತಾಯಿ ನಟಿ. ಕಂಪನಿಯವರನ್ನು ಎಕ್ಸಿಬಿಷನ್ನಿನವರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದ್ದರೆ ನಮ್ಮ ಮಾಲೀಕರು ಎದ್ದು ಹೋಗುತ್ತಿದ್ದರು. ಅವರ ಪರವಾಗಿ ಇಷ್ಟು ಹೇಳಿ ಮುಂದುವರಿಯುತ್ತೇನೆ.

ನಮಗೆ ಸೂರಿನ ಪ್ರಶ್ನೆ ಬೇರೆ ರೀತಿಯದು. ಕಂಪನಿ ಥಿಯೇಟರು ಎಂದರೆ ತಗಡಿನ ಶೆಡ್ಡು. ಎಲ್ಲಿ ಕ್ಯಾಂಪೋ ಅಲ್ಲಿಗೆ ತಗಡು, ಬೊಂಬು, ಪರದೆಗಳೆಲ್ಲ ಲಾರಿಯಲ್ಲಿ ಬರುತ್ತಿದ್ದವು. ಅಂದರೆ ವರ್ಷವಿಡೀ ನಾವು ಒಳಗಿನವರೇ. ಗ್ಲಾಸ್ಗೋದವರಿಗೆ ಚಳಿ ಮಾಡುತ್ತಿದ್ದುದನ್ನು ನಮಗೆ ಮಾಡುತ್ತಿದ್ದುದು ಮಳೆ. ತಗಡಿನ ಮೇಲೆ ಮಳೆ ಹೊಡೆದರೆ ಮುಂದಿನ ಸಾಲಿನವರಿಗೂ ಮಾತು ಕೇಳಿಸದು. ಆಷಾಢದಲ್ಲಿ ಗೇಟ್ ಕಲೆಕ್ಷನ್ ಬಿದ್ದುಹೋಗಿ ಸಂಬಳ ಅರ್ಧವಾಗುತ್ತಿತ್ತು, ಹೊಸ ನಾಟಕದ ತಾಲೀಮು, ಹರಿದ ಡ್ರೆಸ್ಸುಗಳ ಹೊಲಿಗೆ, ಸೀನರಿಗಳಿಗೆ ಬಣ್ಣ ಎಲ್ಲ ಆಗಲೇ. ಚಳಿಗಾಲ ನಮ್ಮ ಸುಗ್ಗಿ. ಬೆಂಗಳೂರಿನ ಕ್ಯಾಂಪ್ ಸಿಕ್ಕಿತೆಂದರೆ ಬೋರ್ಡಿಂಗಿನಲ್ಲಿ ವಾರಕ್ಕೊಮ್ಮೆ ಸಿಹಿ ಮಾಡುತ್ತಿದ್ದರು.

ಆನೆಯ ಮಾತು ಬಂದದ್ದರಿಂದ ಒಂದು ಸಂಗತಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ, 1930ರ ದಶಕದಲ್ಲಿಯೇ ಮಹಾಭಾರತದ ಯುದ್ಧದ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತ್ತು. ಡಾ. ರಾಜ್‌ಕುಮಾರ್ ಅವರು ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಬಾಲಕರಾಗಿ ಬೆಳೆದದ್ದು ಆ ಕಂಪನಿಯಲ್ಲಿ, ಬಿ. ವಿ. ಕಾರಂತರೂ ಹುಡುಗರಾಗಿದ್ದಾಗ ಮನೆ ಬಿಟ್ಟು ಬಂದು ಸೇರಿದ್ದು ಅಲ್ಲಿಗೇ. ನಮ್ಮದು ಅದರ ಮುಂದೆ ಸಣ್ಣ ಕಂಪನಿ. ನಮ್ಮ ಆನೆ ಬಟ್ಟೆಯದು, ಅದರ ಒಂದು ಕಿವಿಯನ್ನು ಇಲಿ ತಿಂದಿತ್ತು.

ನಾನು ಏಳು ವರ್ಷದವಳಿದ್ದಾಗ ಹರಿಶ್ಚಂದ್ರನ ನಾಟಕದಲ್ಲಿ ಲೋಹಿತಾಶ್ವ. ತಾಯಿಯೇ ಚಂದ್ರಮತಿ. ಹಾವು ಕಚ್ಚಿ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಅವರು ಹಾಡುವ ಶೋಕದ ಹಾಡು ಹತ್ತು ನಿಮಿಷ ನಡೆಯುತ್ತಿತ್ತು. ಬೆಂಗಳೂರಿನ ಕ್ಯಾಂಪಿನಲ್ಲಿ ಆ ದೃಶ್ಯ ಬರುವಾಗ ರಾತ್ರಿ ಒಂದು ಗಂಟೆ. ಮೈಮೇಲೆ ತೆಳುವಾದ ಧೋತ್ರ, ಕೆಳಗೆ ತಣ್ಣನೆಯ ಹಲಗೆ. ಒಂದು ರಾತ್ರಿ ನನ್ನ ಮೈ ನಡುಗಲು ಶುರುವಾಯಿತು. ಹೆಣ ನಡುಗುತ್ತಿದೆ ಎಂದು ನೆಲದವರು ನಕ್ಕರು, ನಗು ಕುರ್ಚಿಯವರಿಗೂ ಹಬ್ಬಿತು. ತಾಯಿ ಹಾಡು ನಿಲ್ಲಿಸದೆ ಸೆರಗನ್ನು ನನ್ನ ಮೇಲೆ ಎಳೆದು, 'ಅಯ್ಯೋ ಕಂದಾ, ಸತ್ತ ಮೇಲೂ ವಿಷದ ನಡುಕ ನಿಲ್ಲಲಿಲ್ಲವೇ' ಎಂದು ಒಂದು ಮಾತು ಸೇರಿಸಿದರು. ತಂದೆ ಅತ್ತ ಒಂದು ಚರಣವನ್ನೇ ನುಂಗಿಬಿಟ್ಟು ಪರದೆ ಬೇಗ ಬೀಳುವಂತೆ ಮಾಡಿದರು. ಸಭೆ ಸ್ತಬ್ಧವಾಗಿತ್ತು. ಪೆಟ್ಟು ಬೀಳುತ್ತದೆ ಎಂದುಕೊಂಡು ನಾನು ಬಣ್ಣದ ಮನೆಯಲ್ಲಿ ಪೆಟ್ಟಿಗೆಗಳ ಹಿಂದೆ ಕೂತಿದ್ದರೆ ಮಾಲೀಕರು ಬಂದು, ಆ ಮಾತು ಬಹಳ ಚೆನ್ನಾಗಿದೆ, ನಾಳೆಯಿಂದ ದಿನವೂ ಇರಲಿ ಎಂದರು. ಹೀಗಾಗಿ ಮುಂದೆ ಏಪ್ರಿಲಿನ ರಾಯಚೂರಿನಲ್ಲಿಯೂ, ಬೆವರು ಸುರಿಯುತ್ತಿದ್ದಾಗಲೂ, ನಾನು ಪ್ರತಿ ಆಟದಲ್ಲೂ ಚಳಿಯಿಂದ ನಡುಗಬೇಕಾಯಿತು.

ಓದು ಕಲಿಸಿದವರು ಕಂಪನಿಯ ಮೇಷ್ಟ್ರು, ನಾಟಕದ ಕೈಬರಹದ ಪ್ರತಿಯಿಂದ. ಅಂಕಿಗಳನ್ನು ಕಲಿತದ್ದು ಟಿಕೆಟ್ ಪುಸ್ತಕದಿಂದ. ಪೆನ್ಸಿಲಿನಲ್ಲಾದರೂ ಹೆಸರು ಬರೆದುಕೊಂಡ ಹಾಜರಿ ಪುಸ್ತಕ ನನಗೆ ಇರಲಿಲ್ಲ.

ಪ್ರತಿಕ್ರಿಯೆ: ಹನುಮಂತನಗರದವನು

ಬರೆದ ಎಲ್ಲರಿಗೂ ಕೃತಜ್ಞತೆಗಳು. ಧನುರ್ಮಾಸದ ಛತ್ರದ ಸಂಗತಿ ನನಗೆ ತೀರ ಹೊಸದು. ನಮ್ಮ ಮನೆಯಿಂದ ಅರ್ಧ ಗಂಟೆ ನಡೆದರೆ ಚಾಮರಾಜಪೇಟೆ, ಆದರೂ ಅಂಥದೊಂದು ಎಕ್ಸಿಬಿಷನ್ ನಡೆದದ್ದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಎರಡು ಕನ್ನಡಿಯವರಲ್ಲಿ ಇನ್ನೆರಡು ಮಾತು ಕೇಳಬೇಕಾಗಿದೆ. ಮುಂದಿನ ವರ್ಷ ಮತ್ತೆ ಛತ್ರಕ್ಕೇ ಏಕೆ ಹೋಗಲಿಲ್ಲ? ನಿಮ್ಮ ಅತ್ತೆಯವರು ಮತ್ತು ಆ ಕನ್ನಡಿಗಳು ಏನಾದರು? ಹೇಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ.

ಪ್ರತಿಕ್ರಿಯೆ: ಎರಡು ಕನ್ನಡಿ

ಹೇಳಬಾರದ್ದೇನೂ ಇಲ್ಲ ಸರ್. ನೀವು ಕೇಳಿರಲಿಲ್ಲ ಎಂಬುದೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ. ಬಯಲಿನಲ್ಲಾದರೆ ಎತ್ತರದ ತೊಟ್ಟಿಲು ನಾಲ್ಕು ರಸ್ತೆ ಆಚೆಗೂ ಕಾಣುತ್ತದೆ, ಅದರ ದೀಪ ನೋಡಿಕೊಂಡು ಜನರು ಬರುತ್ತಾರೆ, ಬಂದವರು ನಮ್ಮ ಕಡೆಗೂ ಹೊರಳುತ್ತಾರೆ. ಛತ್ರದ ಬಾಗಿಲಲ್ಲಿ ಎಷ್ಟು ದೊಡ್ಡ ಬೋರ್ಡು ಹಾಕಿದರೂ, ಒಳಗೆ ಯಾರದೋ ಮದುವೆಯಿರಬೇಕು ಎಂದುಕೊಂಡು ಮುಂದೆ ಹೋಗುತ್ತಿದ್ದರು. ಕೆಲವರು ಊಟಕ್ಕೆಂದೇ ಒಳಗೆ ಬಂದದ್ದೂ ಉಂಟು. ಬಾಡಿಗೆ ಕಳೆದರೆ ಕೈಯಲ್ಲಿ ಉಳಿದದ್ದು ತುಮಕೂರಿನವರೆಗಿನ ಲಾರಿ ಖರ್ಚು. ಅಗ್ನಿಶಾಮಕದವರು ಬಲ್ಬಿನ ಬಗ್ಗೆ ಹೇಳಿದ್ದು ಸರಿಯಾಗಿದೆ. ಅತ್ತೆಯ ಎರಡು ಸೀರೆಗಳಲ್ಲಿ ಸುಟ್ಟ ತೂತುಗಳಿದ್ದವು, ಅದನ್ನು ನಾನು ಬರೆಯದೆ ಬಿಟ್ಟಿದ್ದೆ.

ಅತ್ತೆ ಮೂವತ್ತು ದಾಟಿದ ಮೇಲೆ ಮದುವೆಯಾದರು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದೆವು, ಛತ್ರ ಹಿಡಿಯುವಷ್ಟು ಅನುಕೂಲ ಇರಲಿಲ್ಲ. ಅವರು ಹೋದ ಮೇಲೆ ನನ್ನ ಅಕ್ಕ ಎರಡು ವರ್ಷ ಕೂತಳು, ಆಮೇಲೆ ಆಟ ನಿಂತಿತು. ಒಂದು ಕನ್ನಡಿ ಲಾರಿಯಲ್ಲಿ ಒಡೆಯಿತು. ಇನ್ನೊಂದು ಕಾಮಾಕ್ಷಿಪಾಳ್ಯದ ಅತ್ತೆಯ ಮನೆಯಲ್ಲಿ ಬೀರುವಿನ ಪಕ್ಕದಲ್ಲಿದೆ. ಮುಂದಿನ ಕಾಲಿನ ಹಿಂದೆ ಇನ್ನೊಂದು ಕನ್ನಡಿಗೆ ಕೂಡಿಕೊಳ್ಳುತ್ತಿದ್ದ ಅಂಚನ್ನು ಓರೆಯಾಗಿ ಉಜ್ಜಿರುವುದರಿಂದ ಅದಕ್ಕೆ ಯಾವ ಚೌಕಟ್ಟೂ ಸರಿಯಾಗಿ ಕೂರುವುದಿಲ್ಲ. ಹೋದ ವಾರ ಹೋಗಿದ್ದಾಗ ಮೊಮ್ಮಕ್ಕಳು ಅದರ ಮುಂದೆ ನಿಂತು ಅಂಗೈ ಒತ್ತಿ ಆಡುತ್ತಿದ್ದರು. ಒಳಗಿನಿಂದ ಅತ್ತೆ ಸೆರಗು ಸುತ್ತಿದ ಕೈಯೊಂದಿಗೆ ಓಡಿಬಂದು, 'ಬೆರಳಿಡಬೇಡಿರೋ, ಆಟ ಕೆಡುತ್ತೆ' ಎಂದರು. ಯಾವ ಆಟ ಅಜ್ಜಿ ಎಂದು ಮಕ್ಕಳು ಕೇಳುತ್ತಿದ್ದವು.